ಕುಂಬಳೆಯಿಂದ ಲಂಡನ್: ಯಾವ ದಾರಿ ಬೇಗ?

ಪ್ರಶ್ನೆ: ಮಗಳಿಗೆ ಲಂಡನ್‌ನಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ. ಬೆಂಗಳೂರಿನಿಂದ ನೇರ ಕಳಿಸುವುದಾ, ಮಂಗಳೂರಿನಿಂದ ದುಬೈ ಮೂಲಕವಾ?

ಉತ್ತರ 1: ಬೆಂಗಳೂರು-ಲಂಡನ್ ಸುಮಾರು 8,000 ಕಿ.ಮೀ., ಹೋಗುವಾಗ ಹೆಚ್ಚುಕಡಿಮೆ 11 ಗಂಟೆ. ಬರುವಾಗ ಸ್ವಲ್ಪ ಬೇಗ, ಯಾಕಂದ್ರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಹಿಂದಿನಿಂದ ತಳ್ಳುತ್ತದೆ. ಟಿಕೆಟಲ್ಲಿರುವ ಸಮಯ ಸುಮ್ನೆ ಕಳೆದು ನೋಡಬೇಡಿ, ಎರಡೂ ಆಯಾ ಊರಿನ ಗಡಿಯಾರದ್ದು. ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ.

ಉತ್ತರ 2: ಬೆಂಗಳೂರಿಗೆ ಬಸ್ಸಾದರೆ ಒಂದು ರಾತ್ರಿ ಹೋಯ್ತು ಅಲ್ವಾ ಅಣ್ಣ, ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬಿ ವಿಮಾನ ಹಿಡಿಯುವುದು ಬೇಡವೇ ಬೇಡ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆ ಅಷ್ಟೇ.

ಉತ್ತರ 3: ದುಬೈ ದಾರಿಯಲ್ಲಿ ಕಾಯುವುದೇ ಜಾಸ್ತಿ. ಎರಡು ಬೇರೆ ಟಿಕೆಟ್ ಮಾಡಿದರೆ, ಮೊದಲ ವಿಮಾನ ತಡವಾದಾಗ ಎರಡನೆಯದರ ದುಡ್ಡೂ ಹೋಗಬಹುದು.