ಒಂದೇ ಬರ್ನರ್‌ನಲ್ಲಿ ಹಳದಿ ಉರಿ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗ್ಯಾಸ್ ಒಲೆ ರಿಪೇರಿ ಗೊತ್ತಿರುವವರು ಇದ್ದರೆ ಸ್ವಲ್ಪ ಹೇಳಿ.

ನಮ್ಮದು ಎರಡು ಬರ್ನರ್‌ನ ಎಲ್‌ಪಿಜಿ ಒಲೆ. ಎಡಗಡೆಯದು ಚೆನ್ನಾಗಿ ನೀಲಿಯಾಗಿ ಉರಿಯುತ್ತದೆ. ಬಲಗಡೆಯದರಲ್ಲಿ ಮಾತ್ರ ಉರಿ ಹಳದಿ, ಪಾತ್ರೆ ತಳಕ್ಕೆಲ್ಲ ಮಸಿ. ಸಿಲಿಂಡರ್, ರೆಗ್ಯುಲೇಟರ್ ಎರಡಕ್ಕೂ ಒಂದೇ. ಅಂದಮೇಲೆ ತೊಂದರೆ ಆ ಬರ್ನರ್‌ನಲ್ಲೇ ಇದೆ ಅಲ್ವಾ?

ಬರ್ನರ್ ತಲೆಯನ್ನು ಸೋಪು ಹಾಕಿದ ಬಿಸಿನೀರಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಿದ್ದಾಯಿತು. ತೂತುಗಳೆಲ್ಲ ತೆರೆದಿವೆ. ಆದರೂ ಅದೇ ಕಥೆ. ಪೈಪಿಗೆ, ಅದರ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಬರಲಿಲ್ಲ. ಗ್ಯಾಸ್ ವಾಸನೆಯೂ ಇಲ್ಲ. (ಬೆಂಕಿಕಡ್ಡಿ ಗೀರಿ ಲೀಕ್ ಹುಡುಕು ಅಂತ ಒಬ್ಬರು ಸಲಹೆ ಕೊಟ್ಟರು! ದಯವಿಟ್ಟು ಯಾರೂ ಹಾಗೆ ಮಾಡಬೇಡಿ.)

ಹಳದಿ ಉರಿ ಅಂದರೆ ಗ್ಯಾಸ್ ಜೊತೆ ಗಾಳಿ ಸಾಕಷ್ಟು ಬೆರೆಯುತ್ತಿಲ್ಲ ಅಂತ ಗೊತ್ತು. ಹಾಗಾದಾಗ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಬರಬಹುದು, ಅದಕ್ಕೆ ವಾಸನೆಯೇ ಇರುವುದಿಲ್ಲ. ಅದೇ ಭಯ. ಸದ್ಯಕ್ಕೆ ಆ ಬರ್ನರ್ ಹಚ್ಚುತ್ತಿಲ್ಲ. ಇನ್ನೊಂದನ್ನೂ ಕಿಟಕಿ ತೆರೆದೇ ಹಚ್ಚುತ್ತೇನೆ.

ನನ್ನ ಅನುಮಾನ, ಒಲೆಯ ಕೆಳಗಿನ ಮಿಕ್ಸಿಂಗ್ ಟ್ಯೂಬ್‌ನಲ್ಲಿ (ಗ್ಯಾಸ್, ಗಾಳಿ ಬೆರೆಯುವ ಕೊಳವೆ) ಜೇಡ ಬಲೆ ಕಟ್ಟಿರಬೇಕು. ಇಲ್ಲವೇ ಗಾಳಿ ಒಳಗೆ ಹೋಗುವ ಕಿಂಡಿ ಜಿಡ್ಡಿನಿಂದ ಮುಚ್ಚಿರಬೇಕು. ರೆಗ್ಯುಲೇಟರ್ ಆಫ್ ಮಾಡಿ, ಒಲೆ ತಣ್ಣಗಾದ ಮೇಲೆ ಆ ಟ್ಯೂಬನ್ನು ನಾವೇ ಕ್ಲೀನ್ ಮಾಡಬಹುದಾ? ಜೆಟ್‌ಗೆ (ಗ್ಯಾಸ್ ಹೊರಬರುವ ಸಣ್ಣ ತೂತಿನ ಭಾಗ) ಪಿನ್ ಹಾಕುವ ಯೋಚನೆ ಇಲ್ಲ. ತೂತು ಅಗಲವಾದರೆ ಗ್ಯಾಸ್ ಜಾಸ್ತಿ ನುಗ್ಗಿ ಉರಿ ಇನ್ನೂ ಕೆಡುತ್ತದೆ. ಅಥವಾ ಇದೆಲ್ಲ ಬಿಟ್ಟು ಸುಮ್ನೆ ಮೆಕ್ಯಾನಿಕ್ ಕರೆಸುವುದೇ ಸರಿಯಾ?