ಪದಚರ್ಚೆ: ಅಂಕಿಗಳನ್ನು ಚಿತ್ರ ಮಾಡಿಕೊಡುವವರನ್ನು ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಕೇಳಬೇಕಾಗಿದ್ದು ಒಂದೇ ಪದ. ಬರೆಯುತ್ತಾ ಹೋದಂತೆ ನಾಲ್ಕೈದು ಆದವು. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ನಾಲ್ಕು ಜನ ಸೇರಿ ಮಳೆಯ ಲೆಕ್ಕದ ಬಗ್ಗೆ ಒಂದು ಪುಸ್ತಿಕೆ ಮಾಡುತ್ತಿದ್ದೇವೆ. ಹತ್ತು ವರ್ಷದ ಅಂಕಿಗಳು ಎಕ್ಸೆಲ್ ಹಾಳೆಯಲ್ಲಿ ಇದ್ದವು. ಅವುಗಳಿಂದ, ನೋಡಿದವರಿಗೆ ಥಟ್ಟನೆ ಅರ್ಥವಾಗುವ ಹಾಗೆ, ಹನ್ನೆರಡು ಚಿತ್ರ ಮಾಡಿಸಬೇಕಿತ್ತು. ಡೇಟಾ ವಿಶುವಲೈಸೇಶನ್ ಅನ್ನುತ್ತಾರಲ್ಲ, ಅದೇ. ಒಂದೂವರೆ ತಿಂಗಳ ಕೆಲಸ. ಅದಕ್ಕೆ ಯಾರನ್ನೋ ಕಾಯಂ ಇಟ್ಟುಕೊಳ್ಳುವ ಮಾತೇ ಇಲ್ಲ, ಫ್ರೀಲಾನ್ಸರ್ ಒಬ್ಬರು ಸಿಕ್ಕಿದರೆ ಸಾಕು. ಚಿತ್ರದೊಳಗಿನ ಅಕ್ಷರಗಳೂ ಕನ್ನಡದಲ್ಲೇ ಇರಬೇಕು, ಹಾಗಾಗಿ ಕನ್ನಡ ಓದುವವರೇ ಬರಲಿ ಅಂತ ಆನ್‌ಲೈನಿನಲ್ಲಿ ಕನ್ನಡದಲ್ಲೇ ಹೀಗೆ ಹಾಕಿದೆ:

"ದತ್ತಾಂಶ ದೃಶ್ಯೀಕರಣ ವಿನ್ಯಾಸಕರು ಬೇಕಾಗಿದ್ದಾರೆ. ಹವ್ಯಾಸಿಗಳಿಗೆ ಆದ್ಯತೆ. ಮಾದರಿ ಕಳಿಸಿ."

ಎಂಟೇ ಪದ. ಅದರಲ್ಲಿ ಐದು ಕೈಕೊಟ್ಟವು.

ಮೊದಲ ದಿನ ಬಂದ ಉತ್ತರಗಳಲ್ಲಿ ಎರಡು ವಿಡಿಯೊ ಎಡಿಟಿಂಗ್ ಮಾಡುವವರದ್ದು. ಅವರ ತಪ್ಪೇನೂ ಇಲ್ಲ. 'ದೃಶ್ಯ' ಅಂದರೆ ನಮ್ಮ ಕಿವಿಗೆ ನಾಟಕದ್ದೋ ಸಿನಿಮಾದ್ದೋ ಒಂದು ತುಣುಕು. ಇನ್ನೊಬ್ಬರು ದಿನಕ್ಕೆ ಎಷ್ಟು ಸಾಲು ಟೈಪ್ ಮಾಡಿಕೊಡಬಲ್ಲೆ ಅಂತ ಬರೆದಿದ್ದರು. 'ದತ್ತಾಂಶ' ನೋಡಿ ಡೇಟಾ ಎಂಟ್ರಿ ಅಂದುಕೊಂಡಿದ್ದಾರೆ. ಮತ್ತೊಬ್ಬರು ಸಂಬಳ ಎಷ್ಟು, ರಜೆ ಎಷ್ಟು ಅಂತ ಕೇಳಿದರು. 'ಬೇಕಾಗಿದ್ದಾರೆ' ಅಂದರೆ ಕಾಯಂ ಕೆಲಸ ಅನ್ನುವ ಲೆಕ್ಕ ಇರಬೇಕು.

ಸರಿ, ಕಷ್ಟದ ಪದ ಬೇಡ ಅಂತ 'ನಕ್ಷೆ ಬರೆಯುವವರು' ಅಂತ ಬದಲಿಸಿದೆ. ಶಾಲೆಯ ಲೆಕ್ಕದ ಪುಸ್ತಕದಲ್ಲಿ ಗ್ರಾಫ್‌ಗೆ ನಕ್ಷೆ ಅಂತಲೇ ತಾನೇ ಕಲಿತದ್ದು? ಈ ಸಲ ಮನೆ ಪ್ಲಾನ್ ಹಾಕುವವರು ಬಂದರು. ಸೈಟಿನ ಅಳತೆ ಕಳಿಸಿ ಅಂದರು.

ನಗು ಬಂತು, ಆದರೆ ಒಂದು ವಿಷಯ ನೆನಪಾಯಿತು. ಗೆರೆಯ ಗ್ರಾಫ್, ಕಂಬದ ಗ್ರಾಫ್ ಎರಡನ್ನೂ 1786ರಲ್ಲಿ ಅಚ್ಚು ಹಾಕಿಸಿದ, 1801ರಲ್ಲಿ ಪೈ ಚಾರ್ಟನ್ನೂ ತಂದ ವಿಲಿಯಂ ಪ್ಲೇಫೇರ್ ಅದಕ್ಕೂ ಮೊದಲು ಜೇಮ್ಸ್ ವಾಟ್ ಹತ್ತಿರ ಡ್ರಾಫ್ಟ್ಸ್‌ಮನ್ ಆಗಿದ್ದವನು. ಅಂದರೆ ಈ ಕಸುಬನ್ನು ಶುರು ಮಾಡಿದವನೇ ಒಬ್ಬ ನಕ್ಷೆಗಾರ! ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಕಾಲರಾ ಸಾವುಗಳನ್ನು ಬೀದಿಯ ಭೂಪಟದ ಮೇಲೆ ಗುರುತು ಹಾಕಿದ್ದೂ ಇದೇ ಕೆಲಸ. ಅಲ್ಲಿ ಗ್ರಾಫೂ ನಕ್ಷೆ, ಭೂಪಟವೂ ನಕ್ಷೆ. ಪದ ಸರಿಯೇ, ಆದರೆ ಜಾಹೀರಾತಿಗೆ ಆಗುವುದಿಲ್ಲ. ಮೂರು ಕಸುಬಿನವರು ಒಂದೇ ಬಾಗಿಲು ತಟ್ಟುತ್ತಾರೆ.

'ದತ್ತಾಂಶ'ದ ಬಗ್ಗೆ ಒಂದು ಮಾತು. ಇದು ಕೆಟ್ಟ ಪದ ಅಂತ ನಾನು ಹೇಳುವುದಿಲ್ಲ. ಲ್ಯಾಟಿನ್ನಿನ ಡೇಟಮ್ ಅಂದರೆ 'ಕೊಟ್ಟದ್ದು', ಸಂಸ್ಕೃತದ ದತ್ತ ಅಂದರೂ 'ಕೊಟ್ಟದ್ದು'. ಯಾರು ಕಟ್ಟಿದರೋ, ತುಂಬ ಯೋಚನೆ ಮಾಡಿ ಕಟ್ಟಿದ್ದಾರೆ. ಆದರೆ ಕನ್ನಡದಲ್ಲಿ ದತ್ತು ಅಂದರೆ ಮಗು, ದತ್ತಿ ಅಂದರೆ ದಾನವಾಗಿ ಇಟ್ಟ ದುಡ್ಡು. ಮಳೆಯ ಲೆಕ್ಕ ಯಾರಿಗೂ ಹೊಳೆಯುವುದಿಲ್ಲ. 'ಮಾಹಿತಿ' ಅಂದರೆ ಇನ್ಫರ್ಮೇಶನ್ ಆಗಿಬಿಡುತ್ತದೆ. ಡೇಟಾ ಬೇರೆ, ಅದರಿಂದ ತಿಳಿದದ್ದು ಬೇರೆ ಅಲ್ವಾ? 'ಮಾಹಿತಿ ಚಿತ್ರ' ಅಂದರೆ ಇನ್ಫೋಗ್ರಾಫಿಕ್ ಪೋಸ್ಟರ್ ಮಾಡುವವರು ಬರುತ್ತಾರೆ. ಅವರು ಚೆಂದದ ಐಕಾನ್ ಹಾಕಿ ನಡುವೆ ಒಂದು ದೊಡ್ಡ ಅಂಕಿ ಬರೆದುಕೊಡುತ್ತಾರೆ. ನೂರಿಪ್ಪತ್ತು ತಿಂಗಳ ಅಂಕಿಯನ್ನು ಒಂದೇ ಚಿತ್ರದಲ್ಲಿ ಕೂರಿಸುವುದು ಬೇರೆಯದೇ ಕೈಚಳಕ.

ಈಗ 'ಹವ್ಯಾಸಿ'. ಇದಕ್ಕೆ ನಾನೇ ಹೊಣೆ. 'ಹವ್ಯಾಸಿ ಪತ್ರಕರ್ತ' ಅಂತ ಓದಿ ಓದಿ ಫ್ರೀಲಾನ್ಸರ್ ಅಂದರೆ ಹವ್ಯಾಸಿ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಆದರೆ ಹವ್ಯಾಸಿ ರಂಗತಂಡ ಅಂದಾಗ ನಮಗೆ ಏನು ಅರ್ಥವಾಗುತ್ತದೆ? ಹೊಟ್ಟೆಪಾಡಿಗಲ್ಲ, ಖುಷಿಗೆ ಮಾಡುವವರು ಅಂತ. ಈ ಕೆಲಸವನ್ನೇ ನಂಬಿ ಬದುಕುವ ಒಬ್ಬರಿಗೆ 'ಹವ್ಯಾಸಿಗಳಿಗೆ ಆದ್ಯತೆ' ಅಂದರೆ, 'ದುಡ್ಡು ಕೊಡಲ್ಲ, ಬರ್ತೀರಾ' ಅಂತ ಕೇಳಿದ ಹಾಗೆ. ಒಬ್ಬರು ನೇರವಾಗಿಯೇ ಬರೆದರು: "ನಾನು ಹವ್ಯಾಸಿ ಅಲ್ಲ, ಒಂಬತ್ತು ವರ್ಷದಿಂದ ಇದೇ ನನ್ನ ಉದ್ಯೋಗ, ಅರ್ಜಿ ಹಾಕಬಹುದಾ?" ನಾಚಿಕೆಯಾಯಿತು.

'ಸ್ವತಂತ್ರ ವಿನ್ಯಾಸಕರು' ಅನ್ನಬಹುದು, ತಪ್ಪಿಲ್ಲ, ಆದರೆ ಯಾಕೋ ಹೋರಾಟದ ವಾಸನೆ. 'ಗುತ್ತಿಗೆ' ಅಂದ ಕೂಡಲೇ ರಸ್ತೆ, ಸೇತುವೆ. ಇಂಗ್ಲಿಷಿನ ಪದದ ಕಥೆಯೂ ಅಷ್ಟೇನೂ ಮರ್ಯಾದಸ್ಥವಲ್ಲ ಬಿಡಿ. 1819ರಲ್ಲಿ ಬಂದ ವಾಲ್ಟರ್ ಸ್ಕಾಟನ ಐವನ್‌ಹೋ ಕಾದಂಬರಿಯಲ್ಲಿ ಫ್ರೀ ಲಾನ್ಸ್ ಅಂದರೆ ದುಡ್ಡು ಕೊಟ್ಟವರ ಕಡೆ ಈಟಿ ಹಿಡಿಯುವ ಕೂಲಿ ಸಿಪಾಯಿ. ನನಗೆ ತೋಚಿದ್ದು 'ಬಿಡಿಗೆಲಸದವರು'. ಬಿಡಿ ಲೇಖನ, ಬಿಡಿ ಭಾಗ ಅನ್ನುವ ಹಾಗೆ ಬಿಡಿ ಕೆಲಸ. ಒಂದೊಂದೇ ಕೆಲಸ ಒಪ್ಪಿಕೊಂಡು ಮುಗಿಸಿಕೊಡುವವರು. ಮನೆಯ ಚಿಲ್ಲರೆ ಕೆಲಸದ ಹಾಗೆ ಕೇಳಿಸುತ್ತದೆ ಅಂತ ನಮ್ಮಲ್ಲೇ ಒಬ್ಬರು ಮೂಗು ಮುರಿದರು. ನಿಮಗೂ ಹಾಗೆ ಕೇಳಿಸುತ್ತದಾ?

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಟ್ಟಿದ್ದು 'ಮಾದರಿ'. ನಾನು ಕೇಳಿದ್ದು ಹಿಂದೆ ಮಾಡಿದ ಕೆಲಸಗಳನ್ನು. ಓದಿದವರು ತಿಳಿದದ್ದು, ನಮ್ಮ ಅಂಕಿಗಳನ್ನೇ ಇಟ್ಟುಕೊಂಡು ಪುಕ್ಕಟೆಯಾಗಿ ಒಂದು ಚಿತ್ರ ಮಾಡಿ ಕಳಿಸಬೇಕು ಅಂತ. ಈ ಕಸುಬಿನಲ್ಲಿ ಪುಕ್ಕಟೆ ಮಾದರಿ ಕೇಳುವವರು ತುಂಬ ಜನ ಇದ್ದಾರೆ, ಒಳ್ಳೆಯ ಕೆಲಸಗಾರರು ಅಂಥ ಜಾಹೀರಾತನ್ನು ನೋಡಿಯೇ ಮುಂದೆ ಹೋಗುತ್ತಾರೆ, ಹಾಗೆ ನೋಡಿದರೆ ನನ್ನ ಒಂದು ಪದದಿಂದ ಎಷ್ಟು ಜನ ತಪ್ಪಿಹೋದರೋ ಲೆಕ್ಕವೇ ಸಿಗುವುದಿಲ್ಲ. ಕನ್ನಡದಲ್ಲಿ ಮಾದರಿ ಅಂದರೆ ಸ್ಯಾಂಪಲ್ಲೂ ಹೌದು, ಮಾಡೆಲ್ಲೂ ಹೌದು, ಮಾದರಿ ಶಾಲೆ ಅಂದರೆ ಮೇಲ್ಪಂಕ್ತಿಯೂ ಹೌದು. ಅಂಕಿಗಳ ಜೊತೆ ಕೆಲಸ ಮಾಡುವವರಿಗೆ ಸ್ಯಾಂಪಲ್ ಬೇರೆ, ಮಾಡೆಲ್ ಬೇರೆ. ಅವರಿಗೆ ಇನ್ನೂ ಗೊಂದಲ.

ಈಗ ನಾನು 'ಹಿಂದೆ ಮಾಡಿದ ಎರಡು ಕೆಲಸ ತೋರಿಸಿ, ಮೊದಲು ಅಂಕಿಗಳು ಹೇಗಿದ್ದವು, ಏನನ್ನು ಬಿಟ್ಟಿರಿ, ಯಾಕೆ ಇದೇ ಬಗೆಯ ಚಾರ್ಟ್ ಅಂತ ನಾಲ್ಕು ಸಾಲು ಬರೆಯಿರಿ' ಅಂತ ಕೇಳುತ್ತೇನೆ. ವಿನ್ಯಾಸಕರು ತಮ್ಮ ಕೆಲಸ ತೋರಿಸುವ ಬೆಹಾನ್ಸ್, ಡ್ರಿಬಲ್‌ನಂಥ ತಾಣಗಳಲ್ಲಿ ಸಿಗುವುದು ಮುಗಿದ ಚಿತ್ರ ಮಾತ್ರ. ಬಣ್ಣ ಚೆಂದ ಇರುತ್ತದೆ, ಒಳಗಿನ ಅಂಕಿ ಸುಮ್ನೆ ತುಂಬಿದ್ದೂ ಇರಬಹುದು. ಚಾರ್ಟ್ ಮಾಡಿ ಎಲ್ಲರಿಗೂ ಕಾಣುವ ಹಾಗೆ ಇಡುವ ಟ್ಯಾಬ್ಲೋ ಪಬ್ಲಿಕ್ ತಾಣದಲ್ಲಿ, ಮಾಡಿದವರು ಬಿಟ್ಟುಕೊಟ್ಟಿದ್ದರೆ ಕಡತವನ್ನೇ ಇಳಿಸಿಕೊಂಡು ಒಳಗೆ ಏನಿದೆ ನೋಡಬಹುದು. ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಆಮೇಲೆ ಇಬ್ಬರಿಗೆ ಒಂದೊಂದು ಚಿಕ್ಕ ಚಿತ್ರ, ದುಡ್ಡು ಕೊಟ್ಟೇ, ಮಾಡಿಸಿದೆ. ಇಂಥ ಸಣ್ಣ ಪರೀಕ್ಷೆಯ ಕೆಲಸಕ್ಕೆ 'ಒರೆಗೆಲಸ' ಅನ್ನಬಹುದಾ? ಒರೆಗೆ ಹಚ್ಚಿ ನೋಡುವ ಕೆಲಸ ಅಂತ. ನನಗಂತೂ ಇಷ್ಟವಾಯಿತು.

ಆ ಇಬ್ಬರಲ್ಲಿ ಒಬ್ಬರು ಕಳಿಸಿದ ಚಿತ್ರ ನೋಡಲು ತುಂಬ ಚೆನ್ನಾಗಿತ್ತು. ಆದರೆ ಶೀರ್ಷಿಕೆಯಲ್ಲಿ ಅಕ್ಷರಗಳ ನಡುವೆ ಜಾಗ ಬಿಡಿಸಲು ಹೋಗಿ ಒತ್ತಕ್ಷರಗಳೆಲ್ಲ ಚದುರಿದ್ದವು. 'ಹೆಚ್ಚು' ಇದ್ದದ್ದು 'ಹೆಚ್ ಚು' ಆಗಿತ್ತು. ಇನ್ನೊಬ್ಬರದ್ದು ಸಾದಾ ಚಿತ್ರ, ಆದರೆ ಮಳೆ ಅಳೆಯದೇ ಬಿಟ್ಟುಹೋದ ಎರಡು ತಿಂಗಳನ್ನು ಸೊನ್ನೆ ಅಂತ ತೋರಿಸದೆ ಗೆರೆಯನ್ನೇ ಅಲ್ಲಿ ಕಡಿದಿದ್ದರು. ಮಳೆ ಬರಲಿಲ್ಲ ಅನ್ನುವುದು ಬೇರೆ, ಅಳೆಯಲಿಲ್ಲ ಅನ್ನುವುದು ಬೇರೆ. ನಾವು ಹೇಳಿಯೇ ಇರಲಿಲ್ಲ. ಕೆಲಸ ಅವರಿಗೇ ಒಪ್ಪಿಸಿದೆವು. ('ನೇಮಕ' ಅನ್ನಲಿಲ್ಲ, ಗಮನಿಸಿ. ಆ ಪಾಠ ಆಗಿದೆ.)

ಕರಾರು ಬರೆಯುವಾಗ ಮತ್ತೆ ಪದಗಳ ಕಾಟ. ಇದಕ್ಕೂ ಮುಂಚೆ ಒಂದು ಕೆಲಸದಲ್ಲಿ 'ಚಿತ್ರದ ಜೊತೆ ಮೂಲವನ್ನೂ ಕೊಡತಕ್ಕದ್ದು' ಅಂತ ಬರೆದು ಕೆಟ್ಟಿದ್ದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಮತ್ತೆ ತೆರೆದು ತಿದ್ದಬಹುದಾದ ಕಡತ. ಬಂದದ್ದು ಒಳಗೆ ತಿದ್ದಲಾಗದ ಒಂದು ಪಿಎನ್‌ಜಿ ಚಿತ್ರ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಮೂಲ:' ಅಂತ ಬರೆದು ಅಂಕಿಗಳನ್ನು ಎಲ್ಲಿಂದ ತಂದದ್ದು ಅನ್ನುವ ವಿವರ. ಕರಾರಿನಂತೆಯೇ ಕೊಟ್ಟಿದ್ದಾರೆ, ಜಗಳ ಮಾಡುವ ಹಾಗೂ ಇಲ್ಲ! ಆಮೇಲೆ ಒಂದು ಅಂಕಿ ತಪ್ಪಿದೆ ಅಂತ ಗೊತ್ತಾಗಿ ಇಡೀ ಚಿತ್ರವನ್ನು ಮೊದಲಿನಿಂದ ಮಾಡಿಸಿದೆ. ಈಗ 'ತಿದ್ದಬಲ್ಲ ಕಡತ' ಅಂತ ಬರೆಯುತ್ತೇನೆ, ಎಸ್‌ವಿಜಿ ಬೇಕೋ ಮತ್ತೊಂದು ಬೇಕೋ ಅಂತ ಹೆಸರು ಹಿಡಿದೂ ಹೇಳುತ್ತೇನೆ.

ಒಂದು ಕಡೆ ಮಾತ್ರ ಕನ್ನಡ ಇಂಗ್ಲಿಷಿಗಿಂತ ಚೆನ್ನಾಗಿ ಕೆಲಸ ಮಾಡಿತು. ರಿವಿಶನ್ ಅನ್ನುವ ಒಂದೇ ಪದದಲ್ಲಿ ಎಷ್ಟು ಜಗಳ ಅಡಗಿದೆ ಗೊತ್ತಾ? ಎರಡು ರಿವಿಶನ್ ಅಂತ ಒಪ್ಪಿಕೊಂಡಿರುತ್ತಾರೆ. ಅವರೇ ತಪ್ಪಾಗಿ ಹಾಕಿದ ಅಂಕಿ ಸರಿಮಾಡಿದರೆ ಅದು ಲೆಕ್ಕಕ್ಕೆ ಬರುತ್ತದಾ, ನಮಗೆ ನೀಲಿ ಬೇಡ ಹಸಿರು ಬೇಕು ಅನಿಸಿದರೆ ಬರುತ್ತದಾ, ಹೊಸ ವರ್ಷದ ಅಂಕಿ ಬಂತು ಸೇರಿಸಿ ಅಂದರೆ? ಕನ್ನಡದಲ್ಲಿ 'ತಿದ್ದುವುದು' ಅಂದರೆ ತಪ್ಪನ್ನು, 'ಬದಲಿಸುವುದು' ಅಂದರೆ ಮನಸ್ಸು ಬದಲಾದದ್ದನ್ನು, 'ಸೇರಿಸುವುದು' ಅಂದರೆ ಹೊಸ ಕೆಲಸ. ಹೀಗೇ ಬರೆದೆವು: ತಿದ್ದುವುದಕ್ಕೆ ಲೆಕ್ಕವಿಲ್ಲ, ಬದಲಿಸುವುದು ಎರಡು ಸುತ್ತು, ಸೇರಿಸಿದರೆ ಬೇರೆ ದುಡ್ಡು. ಒಂದೇ ಓದಿಗೆ ಇಬ್ಬರೂ ಒಪ್ಪಿದೆವು. 'ತಿದ್ದುಪಡಿ' ಅಂತ ಬರೆದಿದ್ದರೆ ಮೂರೂ ಮತ್ತೆ ಕಲಸಿಹೋಗುತ್ತಿತ್ತು, ಅದು ಕಾಯ್ದೆಗೇ ಇರಲಿ.

ಕೆಲಸವನ್ನು ಭಾಗ ಮಾಡಿ, ಭಾಗ ಮುಗಿದಂತೆ ದುಡ್ಡು ಕೊಡುವ ಮೈಲ್‌ಸ್ಟೋನ್‌ಗೆ 'ಮೈಲಿಗಲ್ಲು' ಬೇಡ. ನಾಲ್ಕು ಚಾರ್ಟ್ ಮುಗಿಸಿದ್ದನ್ನು ಇತಿಹಾಸ ಮಾಡುವುದು ಯಾಕೆ? 'ಕಂತು' ಸಾಕು. ಎಸ್ಕ್ರೋಗೆ ಮಾತ್ರ ಪದ ಸಿಗಲಿಲ್ಲ. ಫ್ರೀಲಾನ್ಸರ್‌ಗಳು ಸಿಗುವ ಅಪ್‌ವರ್ಕ್ ತಾಣದಲ್ಲಿ ಮೊತ್ತ ನಿಗದಿಯಾದ ಕೆಲಸಕ್ಕೆ ಕಂತಿನ ದುಡ್ಡನ್ನು ಮೊದಲೇ ಕಟ್ಟಬೇಕು, ಅದು ಇಬ್ಬರ ಕೈಗೂ ಸಿಗದೆ ನಡುವೆ ತಾಣದವರ ಹತ್ತಿರ ಇರುತ್ತದೆ, ಕೆಲಸ ಒಪ್ಪಿಸಿದ ಮೇಲೆ 14 ದಿನ ನಾವು ಏನೂ ಹೇಳದೆ ಕೂತರೆ ತಾನಾಗಿ ಅವರಿಗೆ ಹೋಗುತ್ತದೆ. 'ಠೇವಣಿ' ಅಂದರೆ ವಾಪಸ್ ಬರುವ ದುಡ್ಡು ಅನಿಸುತ್ತದೆ, 'ಮುಂಗಡ' ಅಂದರೆ ಆಗಲೇ ಅವರ ಕೈ ಸೇರಿದ್ದು ಅನಿಸುತ್ತದೆ. ಇದು ಎರಡೂ ಅಲ್ಲ. 'ನಡುಠೇವಣಿ'?

ಇನ್ನು ಮುಖ್ಯ ಪ್ರಶ್ನೆ. ಜಾಹೀರಾತಿನಲ್ಲಿ ಹೆಸರೇ ಹೇಳದೆ ದಾಟಿಬಿಟ್ಟೆ: 'ಹತ್ತು ವರ್ಷದ ಮಳೆಯ ಅಂಕಿಗಳಿಂದ ಹನ್ನೆರಡು ಚಾರ್ಟ್ ಮಾಡಿಕೊಡುವವರು ಬೇಕು, ಒಂದೂವರೆ ತಿಂಗಳ ಕೆಲಸ' ಅಂತ ಬರೆದ ಮೇಲೆ ಸರಿಯಾದವರೇ ಬಂದರು. ಆದರೆ ಪುಸ್ತಿಕೆಯ ಎರಡನೇ ಪುಟದಲ್ಲಿ ಮುಖಪುಟ, ಅಕ್ಷರ ಜೋಡಣೆ ಅಂತ ಇರುವ ಜಾಗದಲ್ಲಿ ಇವರ ಹೆಸರಿನ ಹಿಂದೆ ಇಷ್ಟುದ್ದ ವಾಕ್ಯ ಹಾಕುವ ಹಾಗಿಲ್ಲ. ಒಂದೇ ಪದ ಬೇಕು. 'ವಿನ್ಯಾಸ' ಬೇಡ, ಅದು ಮುಖಪುಟ ಮಾಡಿದವರ ಹೆಸರಿನ ಮುಂದೆ ಈಗಾಗಲೇ ಇದೆ, ನಾನು ಮಾಡಿದ್ದು ಅದಲ್ಲ ಅಂತ ಇವರೂ ಹೇಳಿದರು.

ನಾನು ಬರೆದಿಟ್ಟಿರುವುದು 'ಅಂಕಿಚಿತ್ರ'. ಅಂಕಿ ತದ್ಭವ, ಚಿತ್ರ ತತ್ಸಮ, ಕನ್ನಡ-ಸಂಸ್ಕೃತ ಬೆರೆಸಿದ ಅರಿಸಮಾಸ ಅಂತ ಯಾರಾದರೂ ಕೋಲು ಹಿಡಿದು ಬರುವ ಮೊದಲೇ ಹೇಳಿಬಿಡುತ್ತೇನೆ, 'ಅಂಕಿಅಂಶ'ವೂ ಅದೇ ಜಾತಿಯದ್ದು, ಅದನ್ನು ಯಾರೂ ಕೇಳುವುದಿಲ್ಲ. ನಿಜವಾದ ತಕರಾರು ಬೇರೆ ಇದೆ. ಎಲ್ಲ ಡೇಟಾನೂ ಅಂಕಿ ಅಲ್ಲ. ಯಾರು ಯಾರಿಗೆ ಕಾಗದ ಬರೆದರು ಅಂತ ಗೆರೆ ಎಳೆದು ತೋರಿಸಿದರೆ ಅಲ್ಲಿ ಅಂಕಿ ಎಲ್ಲಿದೆ? ನಮ್ಮ ಪುಸ್ತಿಕೆಯಲ್ಲಿ ಇರುವುದೆಲ್ಲ ಮಿಲಿಮೀಟರ್ ಲೆಕ್ಕ, ಹಾಗಾಗಿ ನಮಗೆ ನಡೆಯುತ್ತದೆ. ಮಿಕ್ಕವರಿಗೆ?

ಬರುವ ವಾರ ಪುಟಗಳು ಅಚ್ಚಿಗೆ ಹೋಗುತ್ತವೆ. ಅಷ್ಟರೊಳಗೆ ಇದಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ತಿಳಿಸಿ. ಇಲ್ಲದಿದ್ದರೆ 'ಅಂಕಿಚಿತ್ರ' ಅಂತಲೇ ಹಾಕುತ್ತೇವೆ.