ಕಾಲಿಕ್ ನೋವೆಂದರೆ ಕೋಲನ್ನಿನ ನೋವೇ?

ಪ್ರಶ್ನೆ: ಕೋಥರೂಡ್, ಪುಣೆ

ನಮಸ್ಕಾರ. ಬಾಗಲಕೋಟೆಯಿಂದ ಬಂದು ನಮ್ಮೊಡನಿರುವ ನನ್ನ ಅತ್ತೆಯವರಿಗೆ ಕಳೆದ ವಾರ ನಡುರಾತ್ರಿ ಎಡ ಪಕ್ಕೆಯಲ್ಲಿ ಎದ್ದ ನೋವು ತೊಡೆಸಂದಿನವರೆಗೂ ಇಳಿಯಿತು. ಕುಳಿತರೂ ತಾಳದೆ, ಮಲಗಿದರೂ ತಾಳದೆ ಬೆಳಗಿನವರೆಗೆ ಹಾಸಿಗೆಗೂ ಬಚ್ಚಲಿಗೂ ಓಡಾಡಿದರು. ಆಸ್ಪತ್ರೆಯಲ್ಲಿ ವೈದ್ಯರು ಮರಾಠಿಯಲ್ಲಿ "ಕಳ ಯೇತೇ ಕಾ?" (ನೋವಿನ ಸೆಳೆತ ಬರುತ್ತದೆಯೇ?) ಎಂದು ಕೇಳಿದರೆ, ಇವರು "ಹಿಂಡಿ ಹಿಂಡಿ ಬರತೈತ್ರಿ, ಆಮ್ಯಾಲೆ ಜರಾ ಬಿಡತೈತಿ" ಎಂದರು. ನಡುವೆ ನಿಂತು ಇಬ್ಬರಿಗೂ ಅರ್ಥ ಹೇಳುವುದು ನನ್ನ ಪಾಲಿಗೆ ಬಂತು.

ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದಲ್ಲಿ "ರೀನಲ್ ಕಾಲಿಕ್, ಎಡ ಮೂತ್ರನಾಳದಲ್ಲಿ 4 ಮಿ.ಮೀ. ಕಲ್ಲು" ಎಂದಿದೆ. ಸ್ಕ್ಯಾನ್ ವರದಿಯ ಕೊನೆಯಲ್ಲಿ "ಸಿಗ್ಮಾಯ್ಡ್ ಕೋಲನ್‌ನಲ್ಲಿ ಡೈವರ್ಟಿಕ್ಯುಲೋಸಿಸ್" ಎಂಬ ಇನ್ನೊಂದು ಸಾಲಿದೆ. ಕಾಲಿಕ್ ಎಂದರೆ ಕೋಲನ್ನಿನ, ಅಂದರೆ ದೊಡ್ಡಕರುಳಿನ, ರೋಗ, ಆದ್ದರಿಂದ ಕಲ್ಲು ಕರುಳಿನಲ್ಲೇ ಇರಬೇಕು ಎಂದು ನನ್ನ ಯಜಮಾನರು ವಾದಿಸುತ್ತಿದ್ದಾರೆ. ತಿಳಿದವರು ಬಿಡಿಸಿ ಹೇಳುವಿರಾ?

ಉತ್ತರ 1: ಡೊಂಬಿವಲಿ (ನಿವೃತ್ತ ನರ್ಸ್)

ನಿಮ್ಮ ಯಜಮಾನರು ಪದದ ಬೇರನ್ನು ಸರಿಯಾಗಿಯೇ ಹಿಡಿದಿದ್ದಾರೆ, ಆದರೆ ಪದ ಆ ಬೇರನ್ನು ಬಿಟ್ಟು ಬಹಳ ದೂರ ಬಂದಿದೆ. ಗ್ರೀಕರಲ್ಲಿ ಕೋಲೊನ್ ಎಂದರೆ ದೊಡ್ಡಕರುಳು. ಅದರ ನೋವಿಗೆ ಹುಟ್ಟಿದ ಹೆಸರು ಕಾಲಿಕ್. ಕಾಲಕ್ರಮದಲ್ಲಿ ಅದು ಅಂಗದ ಗುರುತನ್ನು ಕಳೆದುಕೊಂಡು, ಅಲೆಯಲೆಯಾಗಿ ಹಿಂಡುವ ನೋವಿನ ಬಗೆಗೇ ಹೆಸರಾಯಿತು. ಟೊಳ್ಳಾದ, ಸ್ನಾಯುವಿನ ಗೋಡೆಯುಳ್ಳ ಯಾವುದೇ ನಾಳಕ್ಕೆ ಅಡ್ಡಿ ಬಂದರೆ ಅದು ಉಬ್ಬುತ್ತದೆ, ಅಡ್ಡಿಯನ್ನು ಮುಂದಕ್ಕೆ ತಳ್ಳಲು ಮತ್ತೆ ಮತ್ತೆ ಬಿಗಿಯುತ್ತದೆ. ನಿಮ್ಮ ಅತ್ತೆಯವರ ವಿಷಯದಲ್ಲಿ ಆ ನಾಳ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಸುಮಾರು 25ರಿಂದ 30 ಸೆಂ.ಮೀ. ಉದ್ದದ ಮೂತ್ರನಾಳ. ರೀನಲ್ ಎಂದರೆ ಮೂತ್ರಪಿಂಡಕ್ಕೆ ಸೇರಿದ್ದು. ದೊಡ್ಡಕರುಳಿಗೂ ಆ ರಾತ್ರಿಯ ನೋವಿಗೂ ಸಂಬಂಧವಿಲ್ಲ.

ಅವರು ಓಡಾಡಿದರು ಎಂದಿರಲ್ಲ, ಅದು ವೈದ್ಯರಿಗೆ ದೊಡ್ಡ ಸುಳಿವು. ಕಲ್ಲಿನ ನೋವಿರುವವರು ಒಂದೆಡೆ ನಿಲ್ಲಲಾರರು. ಹೊಟ್ಟೆಯ ಒಳಪೊರೆಯೇ ಉರಿಯೂತಗೊಂಡಿದ್ದರೆ ರೋಗಿ ಅಲುಗಾಡಲು ಹೆದರಿ ಮರಗಟ್ಟಿದಂತೆ ಮಲಗಿರುತ್ತಾರೆ. ವಾರ್ಡಿನ ಬಾಗಿಲಿನಿಂದಲೇ ಈ ವ್ಯತ್ಯಾಸ ಕಾಣುತ್ತಿತ್ತು.

ಹೆಸರುಗಳು ಎಷ್ಟು ಮೋಸ ಮಾಡುತ್ತವೆ ಎಂದರೆ, ಪಿತ್ತಕೋಶದ ಕಲ್ಲಿನ ನೋವಿಗೂ ಬಿಲಿಯರಿ ಕಾಲಿಕ್ ಎನ್ನುತ್ತಾರೆ. ಅದಾದರೋ ಒಮ್ಮೆ ಏರಿದರೆ ಅಲೆಯಂತೆ ಇಳಿಯದೆ ಗಂಟೆಗಟ್ಟಲೆ ಒಂದೇ ಸಮನೆ ನಿಲ್ಲುತ್ತದೆ.

ಇನ್ನು ಡೈವರ್ಟಿಕ್ಯುಲೋಸಿಸ್ ಬೇರೆಯೇ ಸಂಗತಿ. ದೊಡ್ಡಕರುಳಿನ ಗೋಡೆಯಲ್ಲಿ ಹೊರಕ್ಕೆ ಉಬ್ಬಿದ ಪುಟ್ಟ ಚೀಲಗಳಿಗೆ ಆ ಹೆಸರು. ಅವು ವಯಸ್ಸಾದವರಲ್ಲಿ ಸಾಮಾನ್ಯ, ಬಹಳ ಮಂದಿಗೆ ತೊಂದರೆ ಕೊಡುವುದೇ ಇಲ್ಲ. ಕೊನೆಯಲ್ಲಿ "ಓಸಿಸ್" ಬದಲು "ಐಟಿಸ್" ಇದ್ದಿದ್ದರೆ ಆ ಚೀಲಗಳಲ್ಲಿ ಉರಿಯೂತವಿದೆ ಎಂದಾಗುತ್ತಿತ್ತು. ದೊಡ್ಡಕರುಳಿನ ಉರಿಯೂತವಾದ ಕೊಲೈಟಿಸ್‌ನಲ್ಲಿರುವುದೂ ಅದೇ "ಐಟಿಸ್". ಸಿಗ್ಮಾಯ್ಡ್ ಎಂಬುದು ಗುದನಾಳಕ್ಕೆ ಸೇರುವ ಮುನ್ನ ದೊಡ್ಡಕರುಳು ಬಳುಕುವ ಭಾಗ. ಗ್ರೀಕ್ ಅಕ್ಷರ ಸಿಗ್ಮಾದ ಆಕಾರದಿಂದ ಬಂದ ಹೆಸರು. ಈ ಸಾಲನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿದರೆ ಸಾಕು. ಆದರೆ ಕಲ್ಲಿನ ಜೊತೆಗೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಬೆಳಗಾಗಲೆಂದು ಕಾಯಬೇಡಿ.

ಉತ್ತರ 2: ಮಡಗಾಂವ್, ಗೋವಾ

ನಾನು ಭಾಷಾಂತರದ ಕೆಲಸ ಮಾಡುವವನು, ಇದೇ ಹಳ್ಳಕ್ಕೆ ಬಿದ್ದವನು. ಶಿಶುಪಾಲನೆಯ ಕರಪತ್ರವೊಂದರಲ್ಲಿ "ಇನ್ಫಂಟೈಲ್ ಕಾಲಿಕ್" ಎಂಬುದನ್ನು "ಶಿಶುಗಳ ದೊಡ್ಡಕರುಳಿನ ಕಾಯಿಲೆ" ಎಂದು ಬರೆದು, ಅಚ್ಚಿಗೆ ಹೋಗುವ ಮುನ್ನ ಮಕ್ಕಳ ವೈದ್ಯರೊಬ್ಬರಿಂದ ಬೈಸಿಕೊಂಡೆ. ಆರೋಗ್ಯವಾಗಿರುವ ಕೂಸು ದಿನಕ್ಕೆ 3 ಗಂಟೆಗೂ ಹೆಚ್ಚು, ವಾರಕ್ಕೆ 3 ದಿನಕ್ಕೂ ಹೆಚ್ಚು, ಸಮಾಧಾನವಿಲ್ಲದೆ ಅಳುವುದನ್ನು 1954ರಿಂದ ಈ ಹೆಸರಿನಲ್ಲಿ ಅಳೆಯುತ್ತಾ ಬಂದಿದ್ದಾರೆ. ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುವ ಆ ಅಳುವಿಗೆ ಕರುಳೇ ಕಾರಣವೆಂದು ಸಾಬೀತಾಗಿಲ್ಲ.

ಕನ್ನಡದಲ್ಲಿ "ಶೂಲೆ" ಎಂಬ ಪದ ಸಿದ್ಧವಾಗಿಯೇ ಇದೆ. ಆದರೆ ಶೂಲವೆಂದರೆ ಈಟಿ, ಅದು ಚುಚ್ಚುವ ನೋವು. ಕಾಲಿಕ್‌ನಲ್ಲಿರುವುದು ಹಿಂಡುವಿಕೆ, ಆದ್ದರಿಂದ "ಹೊಟ್ಟೆ ನುಲಿತ" ನನಗೆ ಹೆಚ್ಚು ಹತ್ತಿರವೆನಿಸುತ್ತದೆ. ಮರಾಠಿಯ "ಮುರಡಾ" ಎಂಬುದರಲ್ಲೂ ತಿರುಚುವ ಅರ್ಥವೇ ಇದೆ. ಅಂದಹಾಗೆ, ಬರವಣಿಗೆಯ ಚಿಹ್ನೆಯಾದ ಕೋಲನ್‌ಗೂ ಕರುಳಿಗೂ ನಂಟಿಲ್ಲ. ಅದರ ಮೂಲ ವಾಕ್ಯದ ಭಾಗ ಎಂಬ ಅರ್ಥದ ಬೇರೊಂದು ಗ್ರೀಕ್ ಪದ.

ಉತ್ತರ 3: ಮಾಟುಂಗಾ, ಮುಂಬೈ

ಹೊಟ್ಟೆ ನುಲಿತ ಎಂದೊಡನೆ ಓಮದ ನೀರು, ಅದಕ್ಕೂ ಬಗ್ಗದಿದ್ದರೆ ಹರಳೆಣ್ಣೆ ಎನ್ನುವ ಮನೆ ನಮ್ಮದು. ನನಗೆ ಹದಿನಾರು ವರ್ಷವಾಗಿದ್ದಾಗ ಹೊಕ್ಕುಳ ಸುತ್ತ ಎದ್ದ ನೋವು ಸಂಜೆಯ ಹೊತ್ತಿಗೆ ಬಲ ಕಿಬ್ಬೊಟ್ಟೆಗೆ ಇಳಿದು ನಿಂತಿತು, ಆದರೂ ಹರಳೆಣ್ಣೆ ಕುಡಿಸಿದರು. ಅದು ಅಪೆಂಡಿಸೈಟಿಸ್ ಆಗಿತ್ತು. ಅಂಥ ನೋವಿನಲ್ಲಿ ಭೇದಿಗೆ ಕೊಡುವುದು ಅಪಾಯವೆಂದು ಶಸ್ತ್ರಚಿಕಿತ್ಸೆ ಮಾಡಿದವರು ನನ್ನ ಅಜ್ಜಿಗೆ ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ.

ಮತ್ತೆ: ಕೋಥರೂಡ್, ಪುಣೆ

ಎಲ್ಲರಿಗೂ ಧನ್ಯವಾದಗಳು. ಯಜಮಾನರಿಗೆ ಉತ್ತರಗಳನ್ನು ಓದಿ ಹೇಳಿದೆ, ವಾದ ಮುಗಿಯಿತು. ವೈದ್ಯರ ಮಾತಿನಂತೆ ಅತ್ತೆಯವರು ಐದು ದಿನಗಳಿಂದ ಹಳೆಯ ಚಹಾ ಸೋಸುವ ಜಾಳಿಗೆಯನ್ನು ಬಚ್ಚಲಲ್ಲಿಟ್ಟುಕೊಂಡು ಮೂತ್ರ ಸೋಸುತ್ತಿದ್ದರು. ಇಂದು ಬೆಳಿಗ್ಗೆ ಗೋದಿ ನುಚ್ಚಿನ ಕಾಳಿನಷ್ಟು ಕಂದು ಹರಳೊಂದು ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟು ನೋಡಿ ಅವರು, "ಇಷ್ಟಕ್ಕs ಅಷ್ಟು ಕುಣಿಸ್ತಾ?" ಎಂದರು. ಪರೀಕ್ಷೆಗೆ ಕೊಡಲು ಪುಟ್ಟ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.